ಟವಲಿನ ಕೆಳಗಿನ ಕೈ

ನಮ್ಮ ಯಜಮಾನರು ಮುರುಗೇಶಪ್ಪನವರು ಬದುಕಿದ್ದಷ್ಟು ಕಾಲ, ತರಗುಪೇಟೆಯ ವರ್ತಕರು ಯಾವ ಅಧಿಕಾರಿಯ ಹತ್ತಿರ ಹೋಗಬೇಕಾದರೂ ಇವರನ್ನು ಮುಂದೆ ಬಿಟ್ಟು ತಾವು ಹಿಂದೆ ನಿಲ್ಲುತ್ತಿದ್ದರು. ಇಂಗ್ಲಿಷಿನಲ್ಲಿ, ಕನ್ನಡದಲ್ಲಿ, ಬೇಕಾದರೆ ತೆಲುಗಿನಲ್ಲಿ ಮಾತಾಡಿ ಇವರು ಕೆಲಸ ಮುಗಿಸಿಕೊಂಡು ಬರುತ್ತಿದ್ದರು. ಇವರು ತೀರಿಕೊಂಡ ಮೇಲೆ ನಡೆದ ಸಂತಾಪ ಸಭೆಯಲ್ಲಿ ಒಬ್ಬರು ಎದ್ದು ನಿಂತು, "ಮುರುಗೇಶಪ್ಪನವ್ರಿಗೆ ಭಯ ಅನ್ನೋದೇ ಗೊತ್ತಿರ್ಲಿಲ್ಲ" ಅಂದರು. ನಾನು ಮುಂದಿನ ಸಾಲಿನಲ್ಲಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದೆ. ಪಾಪ, ಅಳುತ್ತಿದ್ದಾಳೆ ಅಂದುಕೊಂಡಿರಬೇಕು. ನಾನು ನಗು ತಡೆದುಕೊಳ್ಳುತ್ತಿದ್ದೆ.

ಭಯ ಗೊತ್ತಿರಲಿಲ್ಲವಂತೆ! ಭಯಕ್ಕೆ ಪರೀಕ್ಷೆ ಇಟ್ಟಿದ್ದರೆ ಇವರು ಮೊದಲನೇ ದರ್ಜೆಯಲ್ಲಿ ಪಾಸಾಗುತ್ತಿದ್ದರು. ಹೊಗಳುವವರಿಗೆ ಏನು, ಹೂವಿನ ಹಾರ ಹಾಕಿ ಮನೆಗೆ ಹೋಗುತ್ತಾರೆ. ಹೆದರಿ ಹೆದರಿ ಕಡ್ಡಿಯಾಗಿದ್ದ ಆ ಹುಡುಗನ ಜೊತೆ ಒಂದು ವರ್ಷ ಬಾಳಿದವಳು ನಾನು. ಅವನನ್ನು ಬಿಟ್ಟು ಇವರ ಬದುಕಿನ ಕಥೆ ಹೇಳಿದರೆ ಅದು ಅರ್ಧ ಸುಳ್ಳಾಗುತ್ತದೆ.

ನಾನು ಗಿರಿಜಾಂಬಾ, ತಿಪಟೂರಿನವಳು. ಮದುವೆಯಾಗಿ ಚಾಮರಾಜಪೇಟೆಯ ಈ ಮನೆಗೆ ಬಂದದ್ದು ಸಾವಿರದ ಒಂಬೈನೂರ ಐವತ್ತೊಂದರಲ್ಲಿ. ಮನೆಯಲ್ಲಿ ಮಾವ ವೃಷಭೇಂದ್ರಪ್ಪನವರು, ಅತ್ತೆ ದಾಕ್ಷಾಯಣಮ್ಮನವರು, ಅವರಿಗೆ ಒಬ್ಬನೇ ಮಗನಾದ ಇವರು, ಇಷ್ಟೇ ಜನ. ತರಗುಪೇಟೆಯಲ್ಲಿ ಮಾವನವರ ಮಂಡಿ ಇತ್ತು. ಹುಣಸೆಹಣ್ಣು, ಕಡಲೆಕಾಯಿ, ಬೆಲ್ಲ ಸಗಟು ವ್ಯಾಪಾರ.

ಆಗ ಮಂಡಿಯಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನು, ಮಾರುವವನು ಎದುರುಬದುರು ಕೂರುತ್ತಾರೆ. ಇಬ್ಬರ ಬಲಗೈಯ ಮೇಲೆ ಒಂದು ಟವಲು ಹಾಸುತ್ತಾರೆ. ಅದರ ಕೆಳಗೆ ಇವನು ಅವನ ಬೆರಳು ಹಿಡಿಯುತ್ತಾನೆ, ಗೆಣ್ಣು ಒತ್ತುತ್ತಾನೆ. ಯಾವ ಬೆರಳಿಗೆ ಎಷ್ಟು ರೂಪಾಯಿ, ಯಾವ ಗೆಣ್ಣಿಗೆ ಎಷ್ಟಾಣೆ ಅನ್ನುವುದು ಅವರಿಗೇ ಗೊತ್ತು. ಸುತ್ತ ಹತ್ತು ಜನ ನಿಂತಿದ್ದರೂ ಬೆಲೆ ಆ ಇಬ್ಬರ ನಡುವೆಯೇ ಉಳಿಯುತ್ತದೆ. ಕುದುರಿದರೆ ತಲೆಯಾಡಿಸುತ್ತಾರೆ, ಕುದುರದಿದ್ದರೆ ಕೈ ಬಿಡಿಸಿಕೊಂಡು ಎಲೆಅಡಿಕೆ ಹಾಕಿಕೊಳ್ಳುತ್ತಾರೆ. ನಾನು ಐವತ್ತು ವರ್ಷ ಈ ಮನೆಯಲ್ಲಿ ಬಾಳಿದರೂ ಆ ಬೆರಳಿನ ಲೆಕ್ಕ ನನಗೆ ಯಾರೂ ಹೇಳಿಕೊಡಲಿಲ್ಲ. ಕೇಳಿದರೆ, "ನಿಂಗ್ಯಾಕೆ, ಮಂಡಿ ಇಡ್ತೀಯಾ?" ಅನ್ನುತ್ತಿದ್ದರು.

ಆ ಕೆಲಸದಲ್ಲಿ ಮುಖಕ್ಕಿಂತ ಕೈ ಮುಖ್ಯವಂತೆ. ಮುಖವನ್ನು ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು, ಅಂಗೈಯನ್ನು ಆಗುವುದಿಲ್ಲ. ಮಾರಲೇಬೇಕಾದ ಕಷ್ಟದಲ್ಲಿ ಇರುವವನ ಅಂಗೈ ಬೆವರುತ್ತದೆ. ಹಿಡಿದವನಿಗೆ ತಕ್ಷಣ ತಿಳಿಯುತ್ತದೆ, ಅವನು ಬೆಲೆ ಇಳಿಸುತ್ತಾನೆ. ವೃಷಭೇಂದ್ರಪ್ಪನವರ ಕೈ ಬೆವರುವುದಿಲ್ಲ ಅನ್ನುವುದು ಇಡೀ ತರಗುಪೇಟೆಯಲ್ಲಿ ಹೆಸರಾದ ಮಾತು. ಯುದ್ಧದ ಕಾಲದಲ್ಲಿ ಗೋದಾಮಿನ ಅರ್ಧ ಸರಕು ಕೆಟ್ಟುಹೋದಾಗಲೂ ಅವರ ಅಂಗೈ ಒಣಗಿದ ಹಾಗೇ ಇತ್ತಂತೆ.

ಅಂಥ ಮಾವನವರು ಒಂದು ಸಲ ಸೋತು ಮನೆಗೆ ಬಂದರು. ದಾಸ್ತಾನಿನ ವಿಚಾರಣೆಗೆ ಒಬ್ಬ ಅಧಿಕಾರಿ ಅವರನ್ನು ಕರೆಸಿದ್ದ. ಅವನು ಇಂಗ್ಲಿಷಿನಲ್ಲಿ ಕೇಳುತ್ತಾ ಹೋದ, ಮಾವನವರು ಕೈಕಟ್ಟಿ ನಿಂತೇ ಇದ್ದರು. ತಪ್ಪು ಯಾರದೋ, ಮಾತು ಬಾರದ ಮಾವನವರ ಮಂಡಿ ಒಂದು ಸುಗ್ಗಿ ಪೂರ್ತಿ ಬಾಗಿಲು ಹಾಕಿತು. ಆ ದಿನ ಹಜಾರದ ಬೆಂಚಿನ ಮೇಲೆ ಕೂತು ಮಗನಿಗೆ ಅಂದರು:

"ನಂಗೆ ಕೈ ಇದೆ ಮುರುಗೇಶ, ಬಾಯಿಲ್ಲ. ಇನ್ಮೇಲೆ ವ್ಯಾಪಾರಕ್ಕೆ ಬಾಯಿ ಬೇಕು. ಅದೇನೋ ಹೊಸ ಕ್ಲಾಸು ಶುರು ಮಾಡಿದಾರಂತಲ್ಲ, ಸೇರ್ಕೋ. ಬಾಯಿ ಕಲ್ತುಕೊಂಡು ಬಾ."

ಇವರು ಆಗ ತಾನೇ ಬಿ.ಕಾಂ. ಮುಗಿಸಿದ್ದರು. ಶೇಷಾದ್ರಿಪುರದ ಆಚೆ ಒಂದು ಹಳೆ ಬಂಗಲೆಯಲ್ಲಿ, ಪದವಿಯಾದವರಿಗೆ ವ್ಯಾಪಾರದ ಆಡಳಿತ ಕಲಿಸುವ ಎರಡು ವರ್ಷದ ತರಗತಿ ಹೊಸದಾಗಿ ಆರಂಭವಾಗಿತ್ತು. ಇವರಿಗೆ ಸೀಟು ಸಿಕ್ಕಿತು. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ನಾವು ಹೊಸ ಕೋಟು, ಪ್ಯಾಂಟು ಹೊಲಿಸಿದೆವು. ಪ್ಯಾಂಟಿನಲ್ಲಿ ಇವರು ಹೆಜ್ಜೆ ಹಾಕುವುದನ್ನು ನೋಡಿ ನಾನು ಅಡಿಗೆಮನೆಯಲ್ಲಿ ಬಿದ್ದು ಬಿದ್ದು ನಕ್ಕೆ. ಆಗ ನನಗೆ ಹದಿನೇಳು ವಯಸ್ಸು, ನಗುವುದಕ್ಕೆ ಕಾರಣ ಬೇಕಿರಲಿಲ್ಲ.

ಒಂದು ವಾರದೊಳಗೆ ನಗು ನಿಂತುಹೋಯಿತು.

ಅಲ್ಲಿ ಪಾಠ ಮಾಡುತ್ತಿದ್ದವರು ಪ್ರೊಫೆಸರ್ ಸೇತುಮಾಧವರಾಯರು. ಅಮೆರಿಕದಲ್ಲಿ ಓದಿಕೊಂಡು ಬಂದಿದ್ದರು. ಅವರದು ನೋಟ್ಸ್ ಬರೆಸುವ ಪಾಠವಲ್ಲ. ಯಾವುದೋ ಕಂಪನಿಯ ಕಷ್ಟವನ್ನು ಎಲ್ಲರ ಮುಂದಿಟ್ಟು, ಒಬ್ಬೊಬ್ಬರ ಕಡೆಗೆ ಬೆರಳು ತೋರಿಸಿ, "ನೀನೇ ಮ್ಯಾನೇಜರು. ಈ ಮಾಲಿಗೆ ಏನು ಬೆಲೆ ಇಡ್ತೀಯಾ? ಯಾಕೆ?" ಅಂತ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಕಂಟೋನ್ಮೆಂಟಿನ ಕಡೆಯ ಹುಡುಗರು, ಮದರಾಸಿನಿಂದ ಬಂದವರು, ಒಬ್ಬರ ಮಾತನ್ನು ಒಬ್ಬರು ಕತ್ತರಿಸಿಕೊಂಡು ಕೂಗುತ್ತಿದ್ದರು. ಇವರು ಕೊನೆಯ ಬೆಂಚಿನಲ್ಲಿ ನೆಲ ನೋಡುತ್ತಾ ಕೂತಿರುತ್ತಿದ್ದರು. ಅರ್ಧದಷ್ಟು ಅಂಕ ಹೀಗೆ ಮಾತಾಡುವುದಕ್ಕೇ ಇತ್ತು. ವರ್ಷದ ಕೊನೆಯಲ್ಲಿ ಬಾಯಿಬಿಡದವರನ್ನು ಎರಡನೇ ವರ್ಷಕ್ಕೆ ಸೇರಿಸುವುದಿಲ್ಲವೆಂದು ರಾಯರು ಮೊದಲ ದಿನವೇ ಹೇಳಿಬಿಟ್ಟಿದ್ದರು.

ಇಂಗ್ಲಿಷ್ ಬರುತ್ತಿರಲಿಲ್ಲ ಅಂತಲ್ಲ. ಓದುತ್ತಿದ್ದರು, ಬರೆಯುತ್ತಿದ್ದರು. ಆದರೆ ಚಿಕ್ಕವರಿದ್ದಾಗ ಒಂದು ದಿನ ಮಂಡಿಯಲ್ಲಿ ಅಪ್ಪನ ಪಕ್ಕದಲ್ಲಿ ಕೂತು, ಟವಲು ಜಾರಿದಾಗ ಕಂಡ ಬೆರಳಿನ ಲೆಕ್ಕವನ್ನು ಜಾಣತನ ತೋರಿಸಲು ಜೋರಾಗಿ ಕೂಗಿದ್ದರಂತೆ. ಕೊಳ್ಳಲು ಬಂದವನು ಎದ್ದು ಹೋದ. ಮಾವನವರು ಜೀವಮಾನದಲ್ಲಿ ಮಗನಿಗೆ ಹೊಡೆದದ್ದು ಅದೊಂದೇ ಏಟು. ಅದು ಕೆನ್ನೆಗೆ ಬಿದ್ದರೂ ಗಂಟಲಲ್ಲಿ ಉಳಿಯಿತು. ನಾಲ್ಕು ಜನರ ಎದುರು ಬೆಲೆ ಹೇಳಬೇಕೆಂದರೆ ಇವರ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆ ತರಗತಿಯಲ್ಲಿ ದಿನವೂ ಕೇಳುತ್ತಿದ್ದದ್ದು ಅದೊಂದನ್ನೇ.

ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಇವರ ಹಣೆಯ ವಿಭೂತಿ ಒಂದು ದಿನವೂ ನೇರವಾಗಿ ಬೀಳುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ, ಇಳಿದದ್ದು ಹಿತ್ತಲಿಗೆ ಹೋಗಿ ವಾಂತಿಯಾಗುತ್ತಿತ್ತು. ಅತ್ತೆ ದೃಷ್ಟಿಯಾಗಿದೆ ಅಂತ ಮೆಣಸಿನಕಾಯಿ ಸುಟ್ಟರು. ಸೈಕಲ್ ಹತ್ತಿ ಮೆಜೆಸ್ಟಿಕ್ ತನಕ ಹೋಗಿ, ಅಲ್ಲಿಂದ ತಳ್ಳಿಕೊಂಡು ನಡೆಯುತ್ತಿದ್ದರಂತೆ, ಕಾಲೇಜು ಆದಷ್ಟು ತಡವಾಗಿ ಬರಲಿ ಅಂತ. 

ಇದಕ್ಕಿಂತ ದೊಡ್ಡ ಭಯ ಸಂಜೆಗೆ ಕಾದಿರುತ್ತಿತ್ತು. ಮಾವನವರು ಮಂಡಿಯಿಂದ ಬಂದು, ಕಾಲು ತೊಳೆದು, ಬೆಂಚಿನ ಮೇಲೆ ಕೂತು ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಇವತ್ತು ಮಾತಾಡಿದ್ಯಾ?"

"ಹೂಂ ಅಪ್ಪಾಜಿ."

"ಏನಂದ್ರು?"

"ಪರವಾಗಿಲ್ಲ ಅಂದ್ರು."

ಸುಳ್ಳು. ಶುದ್ಧ ಸುಳ್ಳು. ನಾನು ಕಂಬದ ಹಿಂದೆ ನಿಂತು ಕೇಳುತ್ತಿದ್ದೆ. ಈ ಮನುಷ್ಯರು ಮಗನ ಮುಖ ನೋಡುತ್ತಿದ್ದಾರಲ್ಲ, ಅಕಸ್ಮಾತ್ ಕೈ ಹಿಡಿದು ನೋಡಿದರೆ ಗತಿಯೇನು ಅಂತ ಹೆದರುತ್ತಿದ್ದೆ.

ಅಲ್ಲಿ ಇವರಿಗೆ ಇದ್ದವನು ಒಬ್ಬನೇ ಸ್ನೇಹಿತ, ಮಲ್ಲೇಶ್ವರದ ಶೀನಣ್ಣ. ಅವನಿಗೆ ಮಾತಿನ ಬರ ಇರಲಿಲ್ಲ. ಗೊತ್ತಿದ್ದರೂ ಮಾತಾಡುತ್ತಿದ್ದ, ಗೊತ್ತಿಲ್ಲದಿದ್ದರೆ ಇನ್ನೂ ಚೆನ್ನಾಗಿ ಮಾತಾಡುತ್ತಿದ್ದ. ತನ್ನ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲನ್ನೇ ಪ್ರೊಫೆಸರ್ ಮಾಡಿ ಇವರಿಗೆ ಅಭ್ಯಾಸ ಮಾಡಿಸುತ್ತಿದ್ದ. "ಕಲ್ಲಿಗೆ ಹೇಳೋಕೂ ಹೆದರ್ತೀಯಲ್ಲೋ ಗುರು, ಅದೇನು ಎದ್ದು ಬಂದು ಕಚ್ಚುತ್ತಾ?" ಅನ್ನುತ್ತಿದ್ದನಂತೆ.

ಮನೆಯಲ್ಲಿ ನಾನೂ ಒಮ್ಮೆ ಪ್ರಯತ್ನಿಸಿದೆ. ಮಧ್ಯಾಹ್ನ ಅತ್ತೆ ಮಲಗಿದ್ದರು. ಅಡಿಗೆಮನೆಯಲ್ಲಿ ಹುಣಸೆಹಣ್ಣಿನ ಉಂಡೆ ಮುಂದಿಟ್ಟುಕೊಂಡು, ಸೆರಗು ಸಿಕ್ಕಿಸಿ, ಗತ್ತಿನಿಂದ ಕೇಳಿದೆ.

"ಏನ್ ಸಾಹುಕಾರ್ರೇ, ಹುಣಸೆಹಣ್ಣು ಮಣಕ್ಕೆ ಎಷ್ಟು?"

ಇವರು ಬಾಯಿ ತೆರೆದರು. ಹಿಂದೆ ತಿರುಗಿ ಬಾಗಿಲು ನೋಡಿದರು. ಮತ್ತೆ ಬಾಯಿ ತೆರೆದರು. ಮೀನಿನ ಹಾಗೆ ಬಾಯಿ ಆಡುತ್ತಿದೆ, ದನಿ ಮಾತ್ರ ಇಲ್ಲ. ನಾನು ಕಿಸಕ್ಕನೆ ನಕ್ಕುಬಿಟ್ಟೆ. ಇವರು ನಗಲಿಲ್ಲ, ಕಣ್ಣು ತುಂಬಿಕೊಂಡಿತ್ತು.

"ನಂಗೆ ಆಗಲ್ಲ ಗಿರಿಜಾ. ಅವ್ರು ನನ್ನ ತೆಗೆದ್ಹಾಕ್ತಾರೆ. ಅಪ್ಪಾಜಿಗೆ ಯಾವ ಮುಖ ತೋರಿಸ್ಲಿ?"

ಅವತ್ತು ನಾನು ನಿಜವಾಗಿ ಹೆದರಿದೆ. ಇವರು ಎಲ್ಲಿಗಾದರೂ ಹೊರಟುಹೋಗಿಬಿಟ್ಟರೆ? ಆ ಕಾಲದಲ್ಲಿ ಪರೀಕ್ಷೆಯಲ್ಲಿ ಫೇಲಾದವರು ರೈಲು ಹತ್ತಿ ಹೋದ ಸುದ್ದಿಗಳು ಓಣಿಯಲ್ಲಿ ಆಗಾಗ ಬರುತ್ತಿದ್ದವು. ಅಂದಿನಿಂದ ಸಂಜೆ ಸೈಕಲ್ಲಿನ ಗಂಟೆ ಕೇಳುವವರೆಗೂ ನನಗೆ ಯಾವ ಕೆಲಸದಲ್ಲೂ ಕೈ ಓಡುತ್ತಿರಲಿಲ್ಲ.

ವರ್ಷದ ಕೊನೆ ಹತ್ತಿರವಾಯಿತು. ಒಂದು ದಿನ ಇವರು ಸುಣ್ಣದಂಥ ಮುಖ ಹೊತ್ತು ಮನೆಗೆ ಬಂದರು. ವಿಶ್ವವಿದ್ಯಾಲಯದಿಂದ ಮೂವರು ಹಿರಿಯರು ತರಗತಿ ನೋಡಲು ಬರುತ್ತಾರಂತೆ. ಅವರು ಒಪ್ಪಿದರೆ ಈ ತರಗತಿ ಮುಂದುವರಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ಅವರ ಎದುರು ಒಂದು ಚೌಕಾಸಿ ಆಡಿ ತೋರಿಸಬೇಕು. ಕೊಳ್ಳುವವರು ಸ್ವತಃ ಸೇತುಮಾಧವರಾಯರು, ಮಾರುವವನು ಮುರುಗೇಶ!

"ನಿಮ್ಮನ್ನೇ ಯಾಕೆ ಆರಿಸಿದ್ರು?" ಅಂದೆ.

"ಮಂಡಿಯವ್ರ ಮಗ ಅಲ್ವಾ, ಚೌಕಾಸಿ ರಕ್ತದಲ್ಲೇ ಇರುತ್ತೆ ಅಂದ್ರು. ಇದು ನಿಂಗೆ ಕೊನೇ ಅವಕಾಶ ಅಂತಾನೂ ಅಂದ್ರು."

ಆ ದಿನ ಬೆಳಿಗ್ಗೆ ಇವರು ಎಷ್ಟು ಬೆವರುತ್ತಿದ್ದರೆಂದರೆ, ಹೊರಡುವ ಮೊದಲೇ ಎರಡು ಕರ್ಚೀಫು ತೊಯ್ದು ಹೋದವು. ಬೇರೆ ಕರ್ಚೀಫು ಒಗೆದದ್ದು ಇರಲಿಲ್ಲ. ಮಡಿಸಿಟ್ಟ ಬಟ್ಟೆಯಲ್ಲಿ ಕೈಗೆ ಸಿಕ್ಕಿದ್ದು ಮಾವನವರ ಕೆಂಪಂಚಿನ ಟವಲು. ಅದನ್ನೇ ಇವರ ಕೋಟಿನ ಜೇಬಿಗೆ ತುರುಕಿದೆ. ಜೇಬು ಉಬ್ಬಿಕೊಂಡು ಕಾಣುತ್ತಿತ್ತು. ಕಾಣಲಿ, ಮುಖ ಒರೆಸಿಕೊಳ್ಳಲು ಒಂದು ಬಟ್ಟೆ ಇದ್ದರೆ ಸಾಕು ಅನ್ನಿಸಿತು.

ಇವರು ಹೋದ ಸ್ವಲ್ಪ ಹೊತ್ತಿಗೆ ಮಾವನವರು ಮಂಡಿಗೆ ಹೊರಟರು.

"ನನ್ನ ಕೆಂಪಂಚಿನ ಟವಲೆಲ್ಲಮ್ಮ?"

"ಒಗೆಯೋಕೆ ಹಾಕಿದೀನಿ ಮಾವ."

"ನಿನ್ನೆ ತಾನೇ ಒಗೆದಿತ್ತಲ್ಲ?" ಅಂತ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಬೇರೆ ಟವಲು ಹೆಗಲಿಗೆ ಹಾಕಿಕೊಂಡು ಹೋದರು. ಅದು ಅವರು ವ್ಯಾಪಾರಕ್ಕೆ ಇಟ್ಟುಕೊಂಡ ಟವಲು, ಮೈ ಒರೆಸುವುದಲ್ಲ ಅನ್ನುವುದು ನನಗೆ ಆಗ ಹೊಳೆಯಿತು. 

ಸಂಜೆ ಇವರ ಜೊತೆ ಶೀನಣ್ಣನೂ ಬಂದ. ಇವರು ನೇರವಾಗಿ ಒಳಕ್ಕೆ ಹೋದರು. ನಡೆದದ್ದನ್ನು ಶೀನಣ್ಣ ನನಗೂ ಅತ್ತೆಗೂ ಹಜಾರದಲ್ಲಿ ನಿಂತೇ ಹೇಳಿದ. ಅವನ ಮಾತು ಹೀಗಿತ್ತು:

"ಮೂರು ಜನ ದೊಡ್ಡವ್ರು ಮುಂದೆ ಕೂತಿದಾರೆ. ರಾಯರು ಮೇಜಿನ ಆ ಕಡೆ, ಇವ್ನು ಈ ಕಡೆ. ಕಡಲೆಕಾಯಿ ಮಾರ್ಬೇಕು. ರಾಯರು, ನಿನ್ನ ಬೆಲೆ ಹೇಳು ಅಂದ್ರು. ಇವ್ನು ಸುಮ್ನೆ ನಿಂತಿದಾನೆ. ಮತ್ತೆ ಕೇಳಿದ್ರು. ಸುಮ್ನೆ. ಮೂರನೇ ಸಲ ಕೇಳಿದ್ರು. ನಂಗೆ ಇಲ್ಲಿ ಉಸಿರು ನಿಂತ್ಹೋಗಿದೆ. ಬೆವರು ಒರೆಸ್ಕೊಳ್ಳೋಕೆ ಅಂತ ಟವಲ್ ತೆಗೆದ ನೋಡಿ, ಅದೇನಾಯ್ತೋ ಗೊತ್ತಿಲ್ಲ, ಫಟ್ ಅಂತ ರಾಯರ ಕೈ ಹಿಡ್ಕೊಂಡು ಅದರ ಮೇಲೆ ಟವಲ್ ಹಾಕಿ ಬೆರಳು ಒತ್ಬಿಟ್ಟ!"

"ಶಿವಶಿವಾ!" ಅತ್ತೆ ಕೂತುಬಿಟ್ಟರು.

"ಇಡೀ ಕ್ಲಾಸು ಘೊಳ್ ಅಂತ ನಕ್ಬಿಡ್ತು ಅಮ್ಮ. ಆ ಮೂರು ಜನಾನೂ ಮುಖ ಮುಖ ನೋಡ್ಕೊಂಡ್ರು. ರಾಯರು ಬೈದು ಕೈ ಕಿತ್ಕೋತಾರೆ ಅಂದ್ಕೊಂಡೆ. ಕಿತ್ಕೊಳ್ಳಿಲ್ಲ.  ಮೆಲ್ಲಗೆ, ಇದ್ರ ಅರ್ಥ ಏನು ಅಂದ್ರು. ಆಗ ಬಾಯಿಬಿಟ್ಟ ನೋಡಿ ನಿಮ್ಮ ಮಗ! ಬೆರಳಿನ ಅರ್ಥ ಹೇಳೋ ಹಾಗಿಲ್ಲ ಸಾರ್, ಯಾಕೆ ಹೇಳೋ ಹಾಗಿಲ್ಲ ಅನ್ನೋದು ಹೇಳ್ತೀನಿ ಅಂದ."

ಆಮೇಲೆ ಇವರು ನಿಂತು ನಿಂತು, ತಡವರಿಸಿ ತಡವರಿಸಿ, ಇಂಗ್ಲಿಷಿನಲ್ಲಿ ಮಾತಾಡಿದರಂತೆ. ಇವತ್ತು ಕಷ್ಟಕ್ಕೆ ಸಿಕ್ಕಿ ಕಡಿಮೆಗೆ ಮಾರಿದವನು ನಾಳೆ ಇನ್ನೊಬ್ಬನ ಹತ್ತಿರ ಪೂರ್ತಿ ಬೆಲೆ ಕೇಳಬೇಕಲ್ಲ, ಅವನ ಸೋಲು ನಾಲ್ಕು ಜನಕ್ಕೆ ತಿಳಿದರೆ ಅವನು ಮತ್ತೆ ಏಳುವುದಿಲ್ಲ, ಅದಕ್ಕೇ ಟವಲು ಅಂದರಂತೆ. ಹಿರಿಯರಲ್ಲಿ ಒಬ್ಬರು ಸುಮ್ಮನೆ ಬಿಡಲಿಲ್ಲ. ಆ ಟವಲಿನ ಕೆಳಗೆ ಕಡಲೆಕಾಯಿ ಬೆಳೆದವನ ಕೈ ಎಲ್ಲಿದೆ, ಅವನಿಗೆ ನಿಜವಾದ ಬೆಲೆ ಯಾವಾಗ ತಿಳಿಯುತ್ತೆ ಅಂತ ಕೇಳಿದರು. ಇವರು, ಗೊತ್ತಿಲ್ಲ ಸಾರ್, ಇದುವರೆಗೂ ನಾನು ಅದನ್ನ ಯೋಚಿಸಿರಲಿಲ್ಲ ಅಂದು ಕೂತರಂತೆ. ಆ ಪ್ರಶ್ನೆ ಇವರನ್ನು ಬಹಳ ವರ್ಷ ಕಾಡಿತು. ಅದು ಬೇರೆ ಮಾತು.

ಶೀನಣ್ಣ ಹೋದ ಮೇಲೆ ಒಳಗೆ ಹೋದೆ. ಇವರು ಕೋಣೆಯಲ್ಲಿ ಚಾಪೆಯ ಮೇಲೆ ಕೂತು ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು.

"ಅಷ್ಟು ಹೊತ್ತು ಬಾರದ ಮಾತು ಆಮೇಲೆ ಹೆಂಗೆ ಬಂತ್ರೀ?"

ಇವರು ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿ ಬಂದು ಕೂತರು.

"ರಾಯರ ಕೈ ಒದ್ದೆಯಾಗಿತ್ತು ಗಿರಿಜಾ. ನಂದಕ್ಕಿಂತ ಜಾಸ್ತಿ. ನಡುಗ್ತಾ ಇತ್ತು. ಪಾಪ, ಅವ್ರಿಗೆ ಆ ಕ್ಲಾಸು ಮುಚ್ಚಿಬಿಟ್ರೆ ಅಂತ ಭಯ. ಮುಖ ನೋಡಿದ್ರೆ ಹುಲಿ ಹಾಗಿದ್ರು. ಇಷ್ಟು ದಿನ ನಾನು ಯಾರಿಗೆ ಹೆದರ್ತಿದ್ದೆ ಅನ್ನಿಸ್ತು." ಆಮೇಲೆ ಸೇರಿಸಿದರು, "ಯಾರಿಗೂ ಹೇಳ್ಬೇಡ. ಟವಲಿನ ಕೆಳಗಿಂದು ಅದು."

ರಾಯರೂ ಇಲ್ಲ, ಇವರೂ ಇಲ್ಲ ಈಗ. ಅದಕ್ಕೇ ಹೇಳುತ್ತಿದ್ದೇನೆ.

ಭಯ ಅಲ್ಲಿಗೆ ಮುಗಿಯಿತು ಅಂದುಕೊಂಡರೆ ತಪ್ಪು. ಇವರ ತರಗತಿಯಲ್ಲಿದ್ದ ಇನ್ನೊಬ್ಬ ಹುಡುಗ ತರಗುಪೇಟೆಯ ದಲ್ಲಾಳಿ ನಂಜಪ್ಪನ ಅಕ್ಕನ ಮಗ. ಅವನಿಂದ ಸುದ್ದಿ ಮಾರನೆಯ ದಿನವೇ ಪೇಟೆಗೆ ಮುಟ್ಟಿತು. ಹೋಗುತ್ತಾ ಹೋಗುತ್ತಾ ಅದಕ್ಕೆ ಬಾಲ ಬೆಳೆಯಿತು. ವೃಷಭೇಂದ್ರಪ್ಪನವರ ಮಗ ಟವಲಿನ ವಿದ್ಯೆಯನ್ನು ಕಾಲೇಜಿನಲ್ಲಿ ಹರಾಜು ಹಾಕಿದನಂತೆ, ಬೆರಳಿನ ಲೆಕ್ಕವನ್ನೆಲ್ಲ ಸರ್ಕಾರದವರಿಗೆ ಹೇಳಿಕೊಟ್ಟನಂತೆ! ನಂಜಪ್ಪ ತುಂಬಿದ ಮಂಡಿಯಲ್ಲಿ ಮಾವನವರನ್ನು ಕೇಳಿದನಂತೆ, "ಏನ್ ಸ್ವಾಮಿ, ಇನ್ಮೇಲೆ ನಿಮ್ಮ ಟವಲ್ ಕೆಳಗೆ ಕೈ ಇಡ್ಬೋದೋ, ಬೇಡ್ವೋ?" ಇದನ್ನೆಲ್ಲ ಪಕ್ಕದ ಮನೆಯ ಅಂಬುಜಮ್ಮ ಬಂದು ಅತ್ತೆಗೆ ಪಿಸುಗುಟ್ಟಿ ಹೋದರು.

ಆ ದಿನದಿಂದ ಮಾವನವರು ಸಂಜೆಯ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರು. ಬರುತ್ತಿದ್ದರು, ಕಾಲು ತೊಳೆಯುತ್ತಿದ್ದರು, ಬೆಂಚಿನ ಮೇಲೆ ಕೂರುತ್ತಿದ್ದರು. ಮಗ ಎದುರಿಗೆ ಬಂದರೆ ಗೋಡೆ ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಮನೆಯಲ್ಲಿ ಪಾತ್ರೆ ಸದ್ದಾದರೂ ನಾವು ಮೂವರೂ ಬೆಚ್ಚಿಬೀಳುತ್ತಿದ್ದೆವು. ಕೆಂಪಂಚಿನ ಟವಲನ್ನು ನಾನು ಒಗೆದು, ಮಡಿಸಿ, ಅದೇ ಜಾಗದಲ್ಲಿ ಇಟ್ಟಿದ್ದೆ. ಅವರು ಅದನ್ನು ಮುಟ್ಟಲಿಲ್ಲ.

ಎರಡನೇ ವರ್ಷಕ್ಕೆ ಯಾರು ಉಳಿದರು ಅನ್ನುವ ಪಟ್ಟಿಯನ್ನು ಬಂಗಲೆಯ ಗೋಡೆಗೆ ಅಂಟಿಸುವ ದಿನ ಬಂತು. ಹೆಸರುಗಳು ಅಂಕದ ಸಾಲಿನಲ್ಲಿ ಇರುತ್ತವಂತೆ. ಇವರು ಊಟ ಮಾಡದೆ ಹೋದರು. ನಾನೂ ಅತ್ತೆಯೂ ತಟ್ಟೆ ಹಾಕಿಕೊಳ್ಳಲಿಲ್ಲ. ಅತ್ತೆ ದೇವರ ಮನೆಯಿಂದ ಹೊರಗೇ ಬರಲಿಲ್ಲ.

ಮಧ್ಯಾಹ್ನ ಬಾಗಿಲ ಸದ್ದಾಯಿತು. ಓಡಿ ಹೋಗಿ ನೋಡಿದರೆ ಇವರಲ್ಲ, ಮಾವನವರು. ಮಂಡಿಯ ದಿನ ಆ ಹೊತ್ತಿಗೆ ಅವರು ಮನೆಗೆ ಬಂದದ್ದನ್ನು ನಾನು ಕಂಡೇ ಇರಲಿಲ್ಲ. ಕಾಲು ತೊಳೆಯದೆ ಬೆಂಚಿನ ಮೇಲೆ ಕೂತರು. ನಾನು ನೀರು ಕೊಟ್ಟೆ, ಕುಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ಇವರ ಸೈಕಲ್ಲಿನ ಗಂಟೆ ಕೇಳಿಸಿತು. ಒಳಗೆ ಬಂದವರು ಅಪ್ಪನನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟರು. ಮುಖ ನೋಡಿ ಏನಾದರೂ ತಿಳಿಯುತ್ತದೆಯೋ ಅಂತ ನಾನು ಕಣ್ಣು ಕೀಲಿಸಿ ನೋಡಿದೆ. ಏನೂ ತಿಳಿಯಲಿಲ್ಲ.

"ಬಾ ಇಲ್ಲಿ" ಅಂದರು ಮಾವನವರು. ಆಮೇಲೆ ನನ್ನ ಕಡೆ ತಿರುಗಿ, "ಆ ಕೆಂಪಂಚಿನ ಟವಲು ತಾಮ್ಮ" ಅಂದರು.

ಟವಲು ತಂದು ಕೊಟ್ಟೆ. ಇನ್ನು ಈ ಮನೆಯಲ್ಲಿ ಏನು ಕಾದಿದೆಯೋ, ಟವಲನ್ನು ಮಗನ ಮುಖಕ್ಕೆ ಎಸೆಯುತ್ತಾರೋ, ಹರಿದು ಹಾಕುತ್ತಾರೋ! ಅತ್ತೆ ದೇವರ ಮನೆಯ ಬಾಗಿಲಿಗೆ ಬಂದು ನಿಂತಿದ್ದರು.

"ನಂಜಪ್ಪ ಹೇಳಿದ್ದು ನಿಜವಾ? ಬೆರಳಿನ ಲೆಕ್ಕ ಹೇಳ್ಬಿಟ್ಯಾ?"

"ಇಲ್ಲ ಅಪ್ಪಾಜಿ. ಕೇಳಿದ್ರು. ಹೇಳ್ಲಿಲ್ಲ."

"ಮತ್ತೆ ಬಾಯಿಬಿಟ್ಟು ಏನು ಮಾತಾಡ್ದೆ?"

"ಯಾಕೆ ಹೇಳಲ್ಲ ಅನ್ನೋದನ್ನ ಮಾತಾಡ್ದೆ." ಇವರ ದನಿ ಒಡೆಯಿತು. "ಅಲ್ಲಿವರ್ಗೂ ವರ್ಷ ಪೂರ್ತಿ ಒಂದು ದಿನಾನೂ ಮಾತಾಡಿರ್ಲಿಲ್ಲ ಅಪ್ಪಾಜಿ. ದಿನಾ ಸಾಯಂಕಾಲ ನಿಮ್ಗೆ ಸುಳ್ಳು ಹೇಳ್ತಿದ್ದೆ."

ಮಾವನವರು ಬಲಗೈ ಮುಂದೆ ಚಾಚಿ, ಅದರ ಮೇಲೆ ಟವಲು ಹಾಸಿದರು.

"ಪಟ್ಟಿ ನೋಡ್ಕೊಂಡು ಬಂದ್ಯಲ್ಲ, ಎಷ್ಟನೇ ಹೆಸರು? ಹೇಳು."

ಇವರು ಅಪ್ಪನ ಎದುರು ಮಂಡಿಯೂರಿ ಕೂತು ಟವಲಿನ ಕೆಳಗೆ ಕೈ ಇಟ್ಟರು. ಬಟ್ಟೆ ಒಂದು ಸಲ ಅಲುಗಾಡಿತು. ಮತ್ತೆ ಒಂದು ಸಲ. ಅಲ್ಲಿ ಯಾವ ಬೆರಳು, ಯಾವ ಗೆಣ್ಣು, ನನಗೇನು ಗೊತ್ತು! ಇಬ್ಬರ ಮುಖವೂ ಕಲ್ಲಿನ ಹಾಗಿತ್ತು. ನನ್ನ ಗಂಡ ಉಳಿದರೋ ಹೋದರೋ ಅನ್ನುವುದು ನನ್ನ ಕಣ್ಣೆದುರಿಗೆ ಆ ಬಟ್ಟೆಯ ಕೆಳಗೆ ನಡೆಯುತ್ತಿದೆ, ನಾನು ಕುರುಡಿಯ ಹಾಗೆ ನಿಂತಿದ್ದೇನೆ. ಅಂಥ ಹೆದರಿಕೆ ನನಗೆ ಆಮೇಲೆ ಹೆರಿಗೆಯಲ್ಲೂ ಆಗಲಿಲ್ಲ. ಮಾವನವರು ತಕ್ಷಣ ಕೈ ಬಿಡಲಿಲ್ಲ. ವ್ಯಾಪಾರ ಮುಗಿದ ಮೇಲೂ ಬಹಳ ಹೊತ್ತು ಹಿಡಿದುಕೊಂಡೇ ಇದ್ದರು.

"ಏನಂತೆ?" ಅತ್ತೆ ತಡೆಯಲಾರದೆ ಕೇಳಿದರು. "ಏನಂತೆ, ಹೇಳಬಾರದಾ?"

"ಎರಡನೇ ವರ್ಷಕ್ಕೆ ಇವ್ನಿಗೆ ಇನ್ನೊಂದು ಕೋಟು ಹೊಲಿಸ್ಬೇಕು ಕಣೇ" ಅಂದರು ಮಾವನವರು. "ಈ ಕೋಟಿನ ಜೇಬು ಚಿಕ್ಕದು. ಟವಲ್ ಹಿಡಿಸಲ್ಲ."

ಅತ್ತೆ ಕಂಬ ಹಿಡಿದು ಅಳಲು ಆರಂಭಿಸಿದರು. ಮಾವನವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಆಗ ಕೈಯಲ್ಲಿದ್ದ ಟವಲು ನೋಡಿ, ಅದನ್ನು ಹೆಗಲಿಗೆ ಹಾಕಿಕೊಳ್ಳದೆ ನನ್ನ ಕಡೆ ಚಾಚಿದರು.

"ಬೇರೆ ಟವಲ್ ಕೊಡಮ್ಮ. ಇದು ಒದ್ದೆಯಾಗಿದೆ."

ಕೊಟ್ಟೆ. ಅವರು ಮಂಡಿಗೆ ಹೋದರು. ಆ ಟವಲನ್ನು ಹಿಂಡಿದರೆ ನೀರು ಬರುವ ಹಾಗಿತ್ತು. ಹೆದರಿಕೆ ಇಳಿದಿತ್ತಲ್ಲ, ನನಗೆ ಹಳೆಯ ಚೇಷ್ಟೆ ಮರಳಿತು. ಇವರಿಗೆ ಟವಲು ತೋರಿಸಿ ಛೇಡಿಸಿದೆ.

"ನೋಡಿ ನಿಮ್ಮ ಪ್ರತಾಪ! ಪಾಸಾದ್ಮೇಲೂ ಇಷ್ಟೊಂದು ಬೆವರ್ತೀರಲ್ಲ, ಅಪ್ಪಾಜಿ ಕೈಯೆಲ್ಲ ನೆನೆಸಿಬಿಟ್ರಿ."

ಇವರು ತಮ್ಮ ಬಲಗೈ ತಿರುಗಿಸಿ ಅಂಗೈಯನ್ನು ನನ್ನ ಕೆನ್ನೆಗೆ ಮುಟ್ಟಿಸಿದರು.

"ನನ್ನ ಕೈ ಒಣಗಿತ್ತು ಕಣೇ" ಅಂದರು.